ಫಿರೋಜಾ ಕಲ್ಲು ಕೊಳ್ಳುವ ಮುನ್ನ: ಅಸಲಿ ಯಾವುದು, ಏನು ಮಾಡಿದ್ದಾರೆ, ಯಾವ ಗಣಿಯದು

ಗೋಕರ್ಣದ ರಥಬೀದಿಯಲ್ಲೋ, ಕುಡ್ಲೆ ಬೀಚಿನ ದಾರಿಯಲ್ಲೋ ತೆಗೆದುಕೊಂಡ ನೀಲಿ ಕಲ್ಲಿನ ಉಂಗುರದ ಫೋಟೋ ಕಳಿಸಿ "ಇದು ಅಸಲಿ ಫಿರೋಜಾನಾ?" ಎಂದು ಕೇಳುವವರು ತುಂಬ ಜನ. ಮುಂಡಗೋಡಿನ ಟಿಬೆಟನ್ ಕಾಲೊನಿಗೆ ಹೋಗಿ ಬಂದವರ ಪ್ರಶ್ನೆ ಇನ್ನೊಂದು: "ಇದು ಟಿಬೆಟಿನ ಕಲ್ಲಂತೆ, ಹೌದಾ?" ಇರಾನಿನದು ಅಂತ ಹೇಳಿ ದುಬಾರಿ ಬೆಲೆಗೆ ಕೊಟ್ಟರು, ಸರಿಯಾ ಎಂದು ಕೇಳುವವರೂ ಇದ್ದಾರೆ.

ಫೋಟೋ ನೋಡಿ ಇದಕ್ಕೆಲ್ಲ ಉತ್ತರ ಹೇಳಲು ಆಗುವುದಿಲ್ಲ. ಕಲ್ಲು ಕೈಯಲ್ಲಿರುವುದು ನಿಮ್ಮ ಹತ್ತಿರ, ಹಾಗಾಗಿ ನೋಡುವ ಕೆಲಸವೂ ನಿಮ್ಮದೇ. ಹೇಗೆ ನೋಡಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಮೊದಲು ಕೇಳುವುದು "ಯಾವ ಗಣಿಯದು" ಅಂತ. ಅದು ಕೊನೆಯ ಪ್ರಶ್ನೆ ಆಗಬೇಕು. ಮೊದಲು ಇದು ಫಿರೋಜಾ ಹೌದೋ ಅಲ್ಲವೋ ನೋಡಿ. ಆಮೇಲೆ ಕಲ್ಲಿಗೆ ಏನೇನು ಮಾಡಿದ್ದಾರೆ ಕೇಳಿ. ಇವೆರಡು ಗೊತ್ತಾಗದೆ ಗಣಿಯ ಹೆಸರಿಗೆ ದುಡ್ಡು ಕೊಡಬೇಡಿ.

ಬೇಕಾಗುವ ಸಾಮಾನು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಕೈಭೂತಗನ್ನಡಿ. ಅಕ್ಕಸಾಲಿಗರು, ವಾಚ್ ರಿಪೇರಿಯವರು ಕಣ್ಣಿಗೆ ಇಟ್ಟುಕೊಳ್ಳುವಂಥದ್ದು, ಲೂಪ್ ಅಂತಾರೆ. ಗ್ರಾಂನ ನೂರನೇ ಒಂದು ಭಾಗ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ. ಹತ್ತಿ, ಸ್ವಲ್ಪ ಅಸಿಟೋನ್ (ಉಗುರುಬಣ್ಣ ತೆಗೆಯುವ ದ್ರವದಲ್ಲಿ ಇರುವುದು ಸಾಮಾನ್ಯವಾಗಿ ಅದೇ), ಒಂದು ಗಾಜಿನ ಲೋಟ, ಹೊಲಿಗೆ ದಾರ. ಇಷ್ಟು ಸಾಕು. ಅಂಗಡಿಗೆ ಹೋಗುವಾಗ ಲೂಪ್ ಒಂದಿದ್ದರೂ ನಡೆಯುತ್ತದೆ.

1. ಕಲ್ಲು ಏನು ಅಂತ ತಿಳಿದುಕೊಳ್ಳಿ

ಫಿರೋಜಾ ಅಥವಾ ಟರ್ಕಾಯ್ಸ್ ಅಂದರೆ ತಾಮ್ರ ಮತ್ತು ಅಲ್ಯುಮಿನಿಯಂ ಇರುವ ಒಂದು ಫಾಸ್ಫೇಟ್ ಖನಿಜ. ಅದರೊಳಗೆ ನೀರಿನ ಅಂಶವೂ ಸೇರಿಕೊಂಡಿರುತ್ತದೆ. ನೀಲಿ ಬಣ್ಣ ಬರುವುದು ತಾಮ್ರದಿಂದ. ಅಲ್ಯುಮಿನಿಯಂ ಇರಬೇಕಾದ ಜಾಗದಲ್ಲಿ ಕಬ್ಬಿಣ ಸೇರುತ್ತಾ ಹೋದಂತೆ ಬಣ್ಣ ಹಸಿರಿನ ಕಡೆ ತಿರುಗುತ್ತದೆ. ಹಾಗಾಗಿ ಹಸಿರು ಕಂಡ ಕೂಡಲೇ ನಕಲಿ ಎಂದು ತಳ್ಳಬೇಡಿ.

ಇದು ಒಣ ಸೀಮೆಯ ಕಲ್ಲು. ತಾಮ್ರದ ಅದಿರು ಇರುವ ಬಂಡೆಯ ಸಂದಿಯಲ್ಲಿ ಅಪರೂಪಕ್ಕೆ ಬೀಳುವ ಮಳೆಯ ನೀರು ಜಿನುಗಿ ಇಳಿಯುತ್ತದೆ. ಇಳಿಯುತ್ತಾ ತಾಮ್ರ, ಅಲ್ಯುಮಿನಿಯಂ, ಫಾಸ್ಫೇಟ್ ಕರಗಿಸಿಕೊಂಡು ಬಿರುಕುಗಳಲ್ಲಿ ಬಿಟ್ಟು ಹೋಗುತ್ತದೆ. ಅದೇ ನಿಧಾನಕ್ಕೆ ಗಟ್ಟಿಯಾಗಿ ಫಿರೋಜಾ ಆಗುತ್ತದೆ. ಹೆಸರಾದ ಗಣಿಗಳು ಇರಾನ್, ಈಜಿಪ್ಟಿನ ಸಿನಾಯ್, ಅಮೆರಿಕದ ಅರಿಜೋನಾ, ನೆವಾಡಾದ ಒಣ ಬೆಟ್ಟಗಳಲ್ಲಿ ಇರುವುದು ಇದೇ ಕಾರಣಕ್ಕೆ. ಬಿರುಕು ತುಂಬಿ ಆದದ್ದರಿಂದ ಸುತ್ತಲಿನ ಬಂಡೆಯ ಚೂರು ಕಲ್ಲಿನಲ್ಲಿ ಉಳಿದುಬಿಡುತ್ತದೆ. ಕಪ್ಪು, ಕಂದು ಗೆರೆಯಾಗಿ ಕಾಣುವುದು ಅದು. ವ್ಯಾಪಾರದಲ್ಲಿ ಅದಕ್ಕೆ ಮ್ಯಾಟ್ರಿಕ್ಸ್ ಅನ್ನುತ್ತಾರೆ. ಗೆರೆಗಳು ಸಣ್ಣಗೆ ಹೆಣೆದುಕೊಂಡು ಜೇಡರ ಬಲೆಯ ಹಾಗೆ ಕಂಡರೆ ಸ್ಪೈಡರ್‌ವೆಬ್.

ಗಡಸುತನ ಮೋಹ್ಸ್ ಅಳತೆಯಲ್ಲಿ (ಖನಿಜ ಎಷ್ಟು ಗಟ್ಟಿ ಎಂದು 1ರಿಂದ 10ರವರೆಗೆ ಹೇಳುವ ಅಳತೆ) 5ರಿಂದ 6. ತೀರ ಮೆತ್ತಗಲ್ಲ, ತೀರ ಗಟ್ಟಿಯೂ ಅಲ್ಲ. ಇದಕ್ಕಿಂತ ಮುಖ್ಯವಾದ ಗುಣ ಇನ್ನೊಂದಿದೆ: ಕಲ್ಲಿನ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಎಣ್ಣೆ, ಬೆವರು, ಸೋಪಿನ ನೀರು ಎಲ್ಲವನ್ನೂ ಒಳಗೆ ಎಳೆದುಕೊಳ್ಳುತ್ತದೆ. ಮುಂದೆ ಹೇಳುವ ಬಹಳಷ್ಟು ವಿಷಯಕ್ಕೆ ಈ ಗುಣವೇ ಮೂಲ.

ಜಾತಕ ನೋಡಿಸಿ ಕಲ್ಲು ತೆಗೆದುಕೊಳ್ಳುವವರಿಗೆ ಒಂದು ಮಾತು. ಇದು ನವರತ್ನದಲ್ಲಿ ಒಂದು ಎಂದು ಹೇಳಿ ಮಾರುವವರಿದ್ದಾರೆ. ನವರತ್ನ ಅಂದರೆ ಮಾಣಿಕ್ಯ, ಮುತ್ತು, ಹವಳ, ಪಚ್ಚೆ, ಪುಷ್ಯರಾಗ, ವಜ್ರ, ನೀಲ, ಗೋಮೇದ, ವೈಡೂರ್ಯ. ಫಿರೋಜಾ ಅದರಲ್ಲಿಲ್ಲ.

2. ಫಿರೋಜಾ ಹೌದೋ ಅಲ್ಲವೋ ನೋಡಿ

ನಮ್ಮ ಕಡೆ ಬೀಚಿನ ಅಂಗಡಿ, ಜಾತ್ರೆಯ ಸಾಲುಗಳಲ್ಲಿ ಅಗ್ಗಕ್ಕೆ ಸಿಗುವ ನೀಲಿ ಮಣಿಗಳಲ್ಲಿ ಜಾಸ್ತಿ ಇರುವುದು ಮೂರು ವಸ್ತು: ಬಣ್ಣ ಹಾಕಿದ ಹೌಲೈಟ್, ಬಣ್ಣ ಹಾಕಿದ ಮ್ಯಾಗ್ನೆಸೈಟ್, ಮತ್ತೆ ಪ್ಲಾಸ್ಟಿಕ್. ಹೌಲೈಟ್, ಮ್ಯಾಗ್ನೆಸೈಟ್ ಎರಡೂ ಹುಟ್ಟಾ ಬಿಳಿ ಕಲ್ಲುಗಳು. ಅವುಗಳಲ್ಲೂ ಕಪ್ಪು, ಬೂದು ಗೆರೆ ಇರುತ್ತದೆ. ಬಣ್ಣ ಚೆನ್ನಾಗಿ ಹೀರುತ್ತವೆ. ನೀಲಿ ಬಣ್ಣದಲ್ಲಿ ಅದ್ದಿ ತೆಗೆದರೆ ದೂರದಿಂದ ಫಿರೋಜಾ ಎಂದೇ ಅನಿಸುತ್ತದೆ.

ಮೊದಲು ಮಣಿಯ ತೂತು ನೋಡಿ. ಎಷ್ಟೋ ಸಲ ಇಲ್ಲೇ ಗುಟ್ಟು ಹೊರಬೀಳುತ್ತದೆ. ಬೆಳಕಿಗೆ ಹಿಡಿದು ಲೂಪ್‌ನಲ್ಲಿ ತೂತಿನ ಅಂಚು ನೋಡಿ. ಮೇಲೆ ಗಾಢ ನೀಲಿ, ಒಳಗೆ ಬೆಳ್ಳಗೆ ಅಥವಾ ಮಾಸಲು ಇದ್ದರೆ ಬಣ್ಣ ಹಾಕಿದ ಕಲ್ಲು. ಆಮೇಲೆ ಸಣ್ಣ ಬಿರುಕುಗಳನ್ನು ನೋಡಿ. ಬಣ್ಣ ಬಿರುಕಿನಲ್ಲಿ ಹೆಚ್ಚು ನಿಲ್ಲುತ್ತದೆ. ಅಲ್ಲಿ ಮಾತ್ರ ಶಾಯಿ ಬಿದ್ದ ಹಾಗೆ ದಟ್ಟ ನೀಲಿ ಕಂಡರೆ ಅನುಮಾನ ಪಡಿ.

ಸರದ ಎಲ್ಲ ಮಣಿಗಳನ್ನೂ ಒಟ್ಟಿಗೆ ನೋಡಿ. ಅಸಲಿ ಕಲ್ಲಿನ ಸರದಲ್ಲಿ ಒಂದು ಮಣಿ ತುಸು ಹಸಿರು, ಒಂದು ತುಸು ತಿಳಿ, ಇನ್ನೊಂದರಲ್ಲಿ ಗೆರೆ ಹೆಚ್ಚು, ಹೀಗೆ ಇರುತ್ತದೆ. ಎಲ್ಲವೂ ಒಂದೇ ಅಚ್ಚಿನಲ್ಲಿ ತೆಗೆದಂತಿದ್ದು ಬೆಲೆಯೂ ಅಗ್ಗ ಇದ್ದರೆ ಅದು ಅಚ್ಚಿನದೇ. ಪ್ಲಾಸ್ಟಿಕ್ ಮಣಿಗೆ ಅಚ್ಚಿನ ಕೂಡುಗೆರೆ ಕಾಣುತ್ತದೆ. ಕೈಗೆ ಹಗುರ, ಮುಟ್ಟಿದರೆ ಕಲ್ಲಿನ ತಂಪು ಇರುವುದಿಲ್ಲ. ಲೂಪ್‌ನಲ್ಲಿ ಸಣ್ಣ ಗುಳ್ಳೆ ಕಂಡರೆ ಗಾಜು ಅಥವಾ ಪ್ಲಾಸ್ಟಿಕ್.

ಮನೆಗೆ ತಂದ ಮೇಲೆ ಅಸಿಟೋನ್ ಪರೀಕ್ಷೆ ಮಾಡಬಹುದು. ಹತ್ತಿಗೆ ಒಂದೆರಡು ಹನಿ ಹಾಕಿ ಕಾಣದ ಜಾಗದಲ್ಲಿ, ಅಂದರೆ ಕಲ್ಲಿನ ಹಿಂಬದಿಯಲ್ಲೋ ತೂತಿನ ಪಕ್ಕದಲ್ಲೋ ಉಜ್ಜಿ. ಹತ್ತಿಗೆ ನೀಲಿ ಹತ್ತಿದರೆ ಬಣ್ಣ ಹಾಕಿದ್ದಾರೆ. ಹತ್ತದಿದ್ದರೆ ಅಸಲಿ ಎಂದು ಖುಷಿಪಡಬೇಡಿ. ಬಣ್ಣದ ಮೇಲೆ ರಾಳದ (ರೆಸಿನ್, ಗಟ್ಟಿಯಾಗುವ ಅಂಟು) ಲೇಪ ಕೊಟ್ಟಿದ್ದರೆ ಅದು ಬಿಡುವುದಿಲ್ಲ. ಅಸಲಿ ಕಲ್ಲಿಗೂ ಅಸಿಟೋನ್ ಹೊಳಪು ಕೆಡಿಸಬಹುದು. ಆದ್ದರಿಂದ ಎದುರುಗಡೆ ಮುಟ್ಟಿಸಬೇಡಿ.

ಒಂದು ಪರೀಕ್ಷೆಯನ್ನು ಮಾತ್ರ ಯಾರು ಹೇಳಿದರೂ ಮಾಡಬೇಡಿ: ಕಾದ ಸೂಜಿ. ಕಲ್ಲಿಗೆ ಸೂಜಿ ಚುಚ್ಚಿ ಪ್ಲಾಸ್ಟಿಕ್ ವಾಸನೆ ಬಂದರೆ ನಕಲಿ ಎಂದು ಹೇಳುವ ವಿಡಿಯೋಗಳು ಬಹಳ ಓಡಾಡುತ್ತಿವೆ. ರಾಳ ಕುಡಿಸಿದ ಅಸಲಿ ಫಿರೋಜಾ ಕೂಡ ಅದೇ ವಾಸನೆ ಕೊಡುತ್ತದೆ. ಕಲ್ಲಿಗೆ ಸುಟ್ಟ ಕಲೆ ಬೀಳುತ್ತದೆ, ಉತ್ತರವೂ ಸಿಗುವುದಿಲ್ಲ.

3. ನೀರಿನಲ್ಲಿ ತೂಗಿ

ಮನೆಯಲ್ಲಿ ಮಾಡಬಹುದಾದ ಪರೀಕ್ಷೆಗಳಲ್ಲಿ ನನಗೆ ಹೆಚ್ಚು ನಂಬಿಕೆ ಇರುವುದು ಇದರ ಮೇಲೆ. ಅದೇ ಗಾತ್ರದ ನೀರಿಗಿಂತ ಕಲ್ಲು ಎಷ್ಟು ಪಟ್ಟು ಭಾರ ಎಂದು ಕಂಡುಹಿಡಿಯುವುದು. ಪುಸ್ತಕದಲ್ಲಿ ಇದನ್ನು ಸಾಪೇಕ್ಷ ಸಾಂದ್ರತೆ ಅನ್ನುತ್ತಾರೆ. ಲೋಹಕ್ಕೆ ಕೂರಿಸಿದ ಕಲ್ಲಿಗೆ ಇದು ಆಗುವುದಿಲ್ಲ, ಬಿಡಿ ಕಲ್ಲೇ ಬೇಕು.

ಒಣಗಿದ ಕಲ್ಲನ್ನು ತೂಗಿ ಬರೆದಿಟ್ಟುಕೊಳ್ಳಿ. ಈಗ ಅರ್ಧ ಲೋಟ ನೀರನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ಕಲ್ಲಿಗೆ ದಾರ ಕಟ್ಟಿ ನೀರಿನಲ್ಲಿ ಪೂರ್ತಿ ಮುಳುಗುವಂತೆ ಇಳಿಬಿಡಿ. ತಳಕ್ಕಾಗಲಿ ಲೋಟದ ಬದಿಗಾಗಲಿ ತಾಗಬಾರದು. ಕಲ್ಲಿಗೆ ಅಂಟಿದ ಗಾಳಿಗುಳ್ಳೆ ಇದ್ದರೆ ಅಲುಗಿಸಿ ಬಿಡಿಸಿ. ಫ್ಯಾನ್ ಆಫ್ ಮಾಡಿ, ಇಲ್ಲದಿದ್ದರೆ ಅಂಕಿ ನಿಲ್ಲುವುದೇ ಇಲ್ಲ. ಈಗ ತಕ್ಕಡಿ ತೋರಿಸುವ ಸಂಖ್ಯೆಯಿಂದ ಮೊದಲಿನ ತೂಕವನ್ನು ಭಾಗಿಸಿ. ಉದಾಹರಣೆಗೆ ಒಣ ತೂಕ 5.52 ಗ್ರಾಂ, ನೀರಿನಲ್ಲಿ ಇಳಿಬಿಟ್ಟಾಗ ತಕ್ಕಡಿ ತೋರಿಸಿದ್ದು 2.00. ಉತ್ತರ 2.76.

ಒಳ್ಳೆಯ ಫಿರೋಜಾ 2.6ರಿಂದ 2.9ರ ನಡುವೆ ಬರುತ್ತದೆ. ಹೌಲೈಟ್ 2.5ರಿಂದ 2.6ರ ಆಸುಪಾಸು. ಗಟ್ಟಿ ಮ್ಯಾಗ್ನೆಸೈಟ್ 3ರ ಹತ್ತಿರ. ಪ್ಲಾಸ್ಟಿಕ್ ಸಾಮಾನ್ಯವಾಗಿ 1.5 ಕೂಡ ದಾಟುವುದಿಲ್ಲ. ರಾಳ ಹೆಚ್ಚು ಕುಡಿಸಿದ ಫಿರೋಜಾ 2.6ಕ್ಕಿಂತ ಕೆಳಗೆ ಇಳಿಯುತ್ತದೆ, ಆಗ ಹೌಲೈಟ್ ಜೊತೆ ಗೊಂದಲ ಆಗಬಹುದು. ಅಂಥ ಕಡೆ ತೂತು ನೋಡಿದ್ದು, ಹತ್ತಿ ಉಜ್ಜಿದ್ದು ಎಲ್ಲ ಸೇರಿಸಿ ತೀರ್ಮಾನಿಸಿ. ಒಂದು ಗ್ರಾಂಗಿಂತ ಚಿಕ್ಕ ಕಲ್ಲಿಗೆ ಈ ಲೆಕ್ಕ ನಂಬಬೇಡಿ, ತಕ್ಕಡಿಯ ಸಣ್ಣ ತಪ್ಪು ಉತ್ತರವನ್ನು ಬಹಳ ಏರುಪೇರು ಮಾಡುತ್ತದೆ. ಒಂದೇ ಸರದ ಐದಾರು ಮಣಿ ಬಿಡಿಸಿ ಒಟ್ಟಿಗೆ ತೂಗಿ. ತೂಗಿದ ಮೇಲೆ ಕಲ್ಲನ್ನು ಬಟ್ಟೆಯಲ್ಲಿ ಒರೆಸಿ ನೆರಳಿನಲ್ಲಿ ಒಣಗಿಸಿ.

4. ಕಲ್ಲಿಗೆ ಏನೇನು ಮಾಡಿದ್ದಾರೆ ಕೇಳಿ

ಗಣಿಯಿಂದ ಬಂದದ್ದನ್ನು ಹಾಗೇ ಉಜ್ಜಿ ಆಭರಣ ಮಾಡುವಷ್ಟು ಗಟ್ಟಿ ಫಿರೋಜಾ ಸಿಗುವುದು ಕಡಿಮೆ. ಹೆಚ್ಚಿನದು ಸೀಮೆಸುಣ್ಣದ ಹಾಗೆ ಪುಡಿಪುಡಿ. ಆದ್ದರಿಂದ ಅದಕ್ಕೆ ಏನಾದರೂ ಮಾಡಿಯೇ ಮಾರುತ್ತಾರೆ. ಅಂಗಡಿಯವರನ್ನು ಕೇಳಬೇಕಾದ ಪದಗಳು ಇವು.

ನ್ಯಾಚುರಲ್ ಅಂದರೆ ಉಜ್ಜಿ ಹೊಳಪು ಕೊಟ್ಟದ್ದು ಬಿಟ್ಟರೆ ಬೇರೇನೂ ಮಾಡಿಲ್ಲ. ಮೇಣ ಅಥವಾ ಎಣ್ಣೆ ಹಚ್ಚುವುದು ಹಳೆಯ ಪದ್ಧತಿ, ಬಣ್ಣ ತುಸು ಗಾಢ ಕಾಣಲಿ ಎಂದು. ಸ್ಟೆಬಿಲೈಸ್ಡ್ ಅಂದರೆ ಒತ್ತಡದಲ್ಲಿ ರಾಳವನ್ನು ರಂಧ್ರಗಳಿಗೆ ಕುಡಿಸಿ ಗಟ್ಟಿ ಮಾಡಿದ್ದು. ಡೈಡ್ ಅಂದರೆ ಬಣ್ಣ ಹಾಕಿದ್ದು. ರೀಕಾನ್‌ಸ್ಟಿಟ್ಯೂಟೆಡ್ ಅಂದರೆ ಪುಡಿ, ಚೂರುಗಳನ್ನು ಅಂಟಿನಲ್ಲಿ ಕಲಸಿ ಇಟ್ಟಿಗೆ ಮಾಡಿ ಕತ್ತರಿಸಿದ್ದು. ಬ್ಲಾಕ್ ಅಂತ ಮಾರುವುದರಲ್ಲಿ ಎಷ್ಟೋ ಸಲ ಕಲ್ಲೇ ಇರುವುದಿಲ್ಲ, ಬಣ್ಣ ಮತ್ತು ಪ್ಲಾಸ್ಟಿಕ್ ಅಷ್ಟೇ. ಜ್ಯಾಕರಿ ಅಂತ ಇನ್ನೊಂದು ವಿಧಾನ ಇದೆ. ರಾಳ ಹಾಕದೆ ಕಲ್ಲಿನ ರಂಧ್ರ ಕಡಿಮೆ ಮಾಡುತ್ತಾರೆ. ಅದು ಕಣ್ಣಿಗೆ ಗೊತ್ತಾಗುವುದಿಲ್ಲ. ಲ್ಯಾಬಿನಲ್ಲಿ ಪೊಟ್ಯಾಸಿಯಂ ಹೆಚ್ಚಾಗಿರುವುದನ್ನು ನೋಡಿ ಹಿಡಿಯುತ್ತಾರೆ.

ಇಲ್ಲಿ ನನ್ನ ಅಭಿಪ್ರಾಯ ಹೇಳುತ್ತೇನೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದಂಥ ಕರಾವಳಿಯಲ್ಲಿ ದಿನಾ ಹಾಕಿಕೊಳ್ಳಲು ಸ್ಟೆಬಿಲೈಸ್ಡ್ ಕಲ್ಲೇ ಒಳ್ಳೆಯದು. ನಮ್ಮ ಸೆಖೆಯ ಬೆವರು, ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ, ಅಡುಗೆಮನೆಯ ಅರಿಶಿನ ಇವೆಲ್ಲವನ್ನೂ ನ್ಯಾಚುರಲ್ ಕಲ್ಲು ಹೀರುತ್ತದೆ. ನೀಲಿ ಕಲ್ಲು ನಿಧಾನಕ್ಕೆ ಹಸಿರಾಗುತ್ತದೆ. ರಾಳ ಕುಡಿದ ಕಲ್ಲಿಗೆ ಆ ತೊಂದರೆ ಬಹಳ ಕಡಿಮೆ. ಅದು ಅಸಲಿ ಕಲ್ಲೇ. ಸ್ಟೆಬಿಲೈಸ್ಡ್ ಎಂದು ಹೇಳಿ, ಅದರ ಬೆಲೆಗೇ ಕೊಟ್ಟರೆ ಅದರಲ್ಲಿ ಮೋಸ ಏನೂ ಇಲ್ಲ. ನ್ಯಾಚುರಲ್ ಬೆಲೆ ಹೇಳಿ ಸ್ಟೆಬಿಲೈಸ್ಡ್ ಕೊಡುವುದು ಮೋಸ.

5. ಈಗ ಗಣಿಯ ಹೆಸರು ಕೇಳಿ

ಇರಾನ್. ರಜಾವಿ ಖೊರಾಸಾನ್ ಪ್ರಾಂತ್ಯದ ನಿಶಾಪುರದ ಹತ್ತಿರದ ಗಣಿಗಳಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನಿಂದ ಫಿರೋಜಾ ತೆಗೆಯುತ್ತಿದ್ದಾರೆ. ಗೆರೆಯೇ ಇಲ್ಲದ, ತುಂಬಿದ ಆಕಾಶ ನೀಲಿಯ ಕಲ್ಲಿಗೆ ಅಲ್ಲಿ ಅಜಮಿ ಎಂಬ ಹೆಸರು. ಗೆರೆಗಳ ಬಲೆ ಇರುವುದು ಶಜರಿ. ಅಜಮಿಗೆ ಬೆಲೆ ಹೆಚ್ಚು, ಹಾಗಾಗಿ ಗೆರೆ ಇಲ್ಲದ ನೀಲಿ ಕಲ್ಲು ಕಂಡಲ್ಲೆಲ್ಲ "ಇರಾನಿ" ಎಂಬ ಹೆಸರು ಅಂಟಿಸುತ್ತಾರೆ. ನೆನಪಿಡಿ, ಬಣ್ಣ ಹಾಕಿದ ಪ್ಲಾಸ್ಟಿಕ್ಕಿಗೂ ಗೆರೆ ಇರುವುದಿಲ್ಲ. ಇರಾನಿನಿಂದಲೂ ಗೆರೆ ಇರುವ, ಹಸಿರು ಬಣ್ಣದ, ಸಾಧಾರಣ ಕಲ್ಲು ಬೇಕಾದಷ್ಟು ಬರುತ್ತದೆ.

ಸಿನಾಯ್. ಈಜಿಪ್ಟಿನ ಸೆರಾಬಿತ್ ಎಲ್-ಖಾದಿಮ್ ಮತ್ತು ವಾದಿ ಮಘಾರಾದಲ್ಲಿ ಸುಮಾರು ಐದು ಸಾವಿರ ವರ್ಷಗಳ ಹಿಂದೆಯೇ ಗಣಿ ಇತ್ತು. ಸೆರಾಬಿತ್‌ನಲ್ಲಿ ಹಾಥೋರ್ ದೇವಿಯ ಗುಡಿ ಕಟ್ಟಿ ಅವಳನ್ನು ಫಿರೋಜಾದ ಒಡತಿ ಎಂದು ಪೂಜಿಸಿದರು. ಕಲ್ಲು ಹೆಚ್ಚಾಗಿ ಹಸಿರು ಛಾಯೆಯದು. ಚರಿತ್ರೆಯಲ್ಲಿ ದೊಡ್ಡ ಹೆಸರು, ಅಂಗಡಿಯಲ್ಲಿ ಸಿಗುವುದು ಅಪರೂಪ.

ಅಮೆರಿಕ. ಗಣಿಯ ಹೆಸರಿನ ಮೇಲೆ ಬೆಲೆ ಕಟ್ಟುವ ರೂಢಿ ಜೋರಾಗಿರುವುದು ಇಲ್ಲಿ. ಅರಿಜೋನಾದ ಸ್ಲೀಪಿಂಗ್ ಬ್ಯೂಟಿ ಗಣಿಯ ಕಲ್ಲು ಗೆರೆ ಇಲ್ಲದ ತಿಳಿ ನೀಲಿ. ಅದು ಮುಖ್ಯವಾಗಿ ತಾಮ್ರದ ಗಣಿ. ಫಿರೋಜಾ ತೆಗೆಯುವುದನ್ನು 2012ರಲ್ಲಿ ನಿಲ್ಲಿಸಿದರು, ಆಮೇಲೆ ಬೆಲೆ ಏರಿತು. ಈಗ ಅಗ್ಗಕ್ಕೆ "ಸ್ಲೀಪಿಂಗ್ ಬ್ಯೂಟಿ" ಸಿಕ್ಕರೆ ನಂಬುವುದು ಕಷ್ಟ. ಅದೇ ಅರಿಜೋನಾದ ಬಿಸ್ಬೀಯದು ಗಾಢ ನೀಲಿಗೆ ಹೊಗೆಬಣ್ಣದ ಕಂದು ಗೆರೆ. ಅಲ್ಲಿನ ದೊಡ್ಡ ತಾಮ್ರದ ಗಣಿ 1970ರ ದಶಕದ ಮಧ್ಯದಲ್ಲೇ ಮುಚ್ಚಿತು. ಮೊರೆನ್ಸಿಯ ಕಲ್ಲಿನಲ್ಲಿ ಹೊಳೆಯುವ ಪೈರೈಟ್ ಚುಕ್ಕೆ ಕಾಣುತ್ತದೆ. ಕಿಂಗ್‌ಮನ್ ಈಗಲೂ ನಡೆಯುತ್ತಿರುವ ಗಣಿ, ಅಮೆರಿಕದ್ದು ಎಂದು ಮಾರುಕಟ್ಟೆಗೆ ಬರುವುದರಲ್ಲಿ ಇದರ ಪಾಲು ದೊಡ್ಡದು.

ನೆವಾಡಾದಲ್ಲಿ ಸಣ್ಣ ಸಣ್ಣ ಗಣಿಗಳು ಬಹಳ. ಕಪ್ಪು ಬಲೆಯ ನಂಬರ್ ಏಟ್, ನೀಲಿ ಹಸಿರು ಎರಡೂ ಬೆರೆತ ರಾಯ್‌ಸ್ಟನ್, ಹಸಿರಿಗೆ ಹೆಸರಾದ ಕ್ಯಾರಿಕೊ ಲೇಕ್. 1973ರಲ್ಲಿ ಸಿಕ್ಕ ಲ್ಯಾಂಡರ್ ಬ್ಲೂ ಎಂಬ ಪುಟ್ಟ ಗಣಿಯಲ್ಲಿ ಒಟ್ಟು ಬಂದದ್ದೇ 50 ಕಿಲೋ ಆಸುಪಾಸು. ಕಪ್ಪು ಬಲೆಯೊಳಗೆ ಸಣ್ಣ ನೀಲಿ ಚುಕ್ಕೆಗಳ ಆ ಕಲ್ಲು ಇವತ್ತು ಸಂಗ್ರಹಕಾರರ ನಡುವೆ ಮಾತ್ರ ಕೈ ಬದಲಿಸುತ್ತದೆ. ಬೀಚಿನ ಅಂಗಡಿಯಲ್ಲಿ ಯಾರಾದರೂ ಆ ಹೆಸರು ಹೇಳಿದರೆ ನಮಸ್ಕಾರ ಹೇಳಿ ಮುಂದೆ ಹೋಗಿ. ನ್ಯೂ ಮೆಕ್ಸಿಕೋದ ಸೆರಿಯೋಸ್ ಬೆಟ್ಟದಲ್ಲಿ ಅಲ್ಲಿನ ಮೂಲನಿವಾಸಿಗಳು ಸಾವಿರ ವರ್ಷಕ್ಕೂ ಹಿಂದೆ ಕಲ್ಲಿನ ಸಲಕರಣೆಗಳಿಂದಲೇ ಬಂಡೆ ಒಡೆದು ಫಿರೋಜಾ ತೆಗೆಯುತ್ತಿದ್ದರು.

ಚೀನಾ. ಇವತ್ತು ಜಗತ್ತಿನ ಮಾರುಕಟ್ಟೆಗೆ ಬರುವ ಫಿರೋಜಾದಲ್ಲಿ ದೊಡ್ಡ ಪಾಲು ಹುಬೈ ಪ್ರಾಂತ್ಯದ್ದು, ಅದರಲ್ಲೂ ಶಿಯಾನ್ ನಗರದ ಸುತ್ತಲಿನ ಜುಶಾನ್, ಯುನ್‌ಶಿಯಾನ್ ಭಾಗದ್ದು. ಆನ್‌ಹುಯಿ ಪ್ರಾಂತ್ಯದ ಮಾಆನ್‌ಶಾನ್‌ನಲ್ಲೂ ಸಿಗುತ್ತದೆ. ಒಳ್ಳೆಯ ಗಟ್ಟಿ ನೀಲಿಯಿಂದ ಹಿಡಿದು ಪುಡಿಯಾಗುವ ತಿಳಿ ಹಸಿರಿನವರೆಗೆ ಎಲ್ಲ ತರಹದ್ದೂ ಬರುತ್ತದೆ. "ಚೀನಾ ಮಾಲು" ಅಂದ ಕೂಡಲೇ ನಕಲಿ ಎಂದು ಮುಖ ತಿರುಗಿಸಬೇಡಿ. ಹೆನಾನ್ ಪ್ರಾಂತ್ಯದ ಎರ್ಲಿತೋದಲ್ಲಿ ಅಗೆದಾಗ ಎರಡು ಸಾವಿರದಷ್ಟು ಫಿರೋಜಾ ಚೂರುಗಳನ್ನು ಜೋಡಿಸಿ ಮಾಡಿದ ಡ್ರ್ಯಾಗನ್ ಸಿಕ್ಕಿದೆ. ಕಲ್ಲಿನ ಕೆಲಸ ಅವರಿಗೆ ಅಷ್ಟು ಹಳೆಯದು.

ಟಿಬೆಟ್. ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಹತ್ತಿರದ ಹೆಸರು ಇದು. ಮುಂಡಗೋಡಿನ ಟಿಬೆಟನ್ ಕಾಲೊನಿ 1966ರಿಂದ ಇದೆ. ಡ್ರೆಪುಂಗ್, ಗಾಂದೆನ್ ಮಠಗಳೂ ಅಲ್ಲಿವೆ. ಹೊಸ ವರ್ಷ ಲೋಸಾರ್‌ಗೆ ಹೋದರೆ ಹಿರಿಯ ಹೆಂಗಸರ ಕೊರಳಲ್ಲಿ ಹವಳದ ಜೊತೆ ಹಸಿರು ನೀಲಿಯ ಫಿರೋಜಾ ಕಾಣುತ್ತದೆ. ಟಿಬೆಟನ್ನರು ಅದಕ್ಕೆ ಯು ಅನ್ನುತ್ತಾರೆ. ಲಡಾಖಿನ ಹೆಂಗಸರು ತಲೆಗೆ ಧರಿಸುವ ಪೆರಾಕ್ ತುಂಬ ಇದೇ ಕಲ್ಲು. ಮೈಯ ಎಣ್ಣೆ ಕುಡಿದು, ತಲೆಮಾರುಗಳಿಂದ ಉಜ್ಜಿ ನಯವಾದ ಅಂಥ ಹಳೆಯ ಕಲ್ಲುಗಳು ಮನೆತನದ ಆಸ್ತಿ. ದಯವಿಟ್ಟು "ಇದನ್ನು ಕೊಡ್ತೀರಾ, ಎಷ್ಟಕ್ಕೆ?" ಎಂದು ಕೇಳಬೇಡಿ.

ಆದರೆ ಅಂಗಡಿಯಲ್ಲಿ "ಟಿಬೆಟನ್ ಟರ್ಕಾಯ್ಸ್" ಎಂದು ಸಿಗುವುದು ಬೇರೆ ಮಾತು. ಅದು ಹೆಚ್ಚಾಗಿ ಶೈಲಿಯ ಹೆಸರು. ಹಸಿರು ಕಲ್ಲಿಗೆ ಕಪ್ಪು ಗೆರೆ ಇದ್ದರೆ ಟಿಬೆಟನ್ ಅಂತಾರೆ. ಕಲ್ಲು ಹುಬೈಯಿಂದ ಬಂದಿರಬಹುದು, ಕಟ್ಟಿದ್ದು ನೇಪಾಳದಲ್ಲಿ ಇರಬಹುದು, ಕಲ್ಲೇ ಅಲ್ಲದೆಯೂ ಇರಬಹುದು. "ಟಿಬೆಟನ್ ಸಿಲ್ವರ್" ಎಂಬುದಕ್ಕೂ ಇದೇ ಎಚ್ಚರಿಕೆ: ಅದರಲ್ಲಿ ಬೆಳ್ಳಿ ಇಲ್ಲದಿರುವುದೇ ಹೆಚ್ಚು, ತಾಮ್ರ ನಿಕಲ್ ಬೆರಕೆ ಇರುತ್ತದೆ. ನಿಕಲ್ ಅಲರ್ಜಿ ಇದ್ದವರಿಗೆ ಕಿವಿ, ಕೊರಳು ತುರಿಸುತ್ತದೆ. ಬೆಳ್ಳಿ ಬೇಕಾದರೆ ಬಿಐಎಸ್ ಹಾಲ್‌ಮಾರ್ಕ್ ಇರುವುದನ್ನೇ ಕೇಳಿ. ಬರೀ 925 (ಸಾವಿರಕ್ಕೆ 925 ಭಾಗ ಬೆಳ್ಳಿ) ಎಂದು ಒತ್ತಿದ್ದರೆ ಅದನ್ನು ಯಾರು ಬೇಕಾದರೂ ಒತ್ತಬಹುದು.

ಇನ್ನು ಕೆಲವು ಹೆಸರುಗಳನ್ನು ಕಂಡರೆ ನಿಂತು ಯೋಚಿಸಿ. "ಆಫ್ರಿಕನ್ ಟರ್ಕಾಯ್ಸ್" ಫಿರೋಜಾ ಅಲ್ಲ, ಸಾಮಾನ್ಯವಾಗಿ ಜಾಸ್ಪರ್ ಜಾತಿಯ ಬೇರೆ ಕಲ್ಲು. "ವೈಟ್ ಟರ್ಕಾಯ್ಸ್" ಎಂದು ಬರುವುದು ಬಹುತೇಕ ಬಣ್ಣ ಹಾಕದ ಹೌಲೈಟ್ ಅಥವಾ ಮ್ಯಾಗ್ನೆಸೈಟ್. ನೇರಳೆ, ಕೇಸರಿ ಬಣ್ಣದ ಫಿರೋಜಾ ಭೂಮಿಯಲ್ಲಿ ಹುಟ್ಟುವುದಿಲ್ಲ.

ಹಾಗಾದರೆ ಕಲ್ಲು ನೋಡಿ ಗಣಿ ಹೇಳಬಹುದಾ? ಬಣ್ಣ, ಗೆರೆ ನೋಡಿ ಊಹೆ ಮಾಡಬಹುದು, ಅಷ್ಟೇ. ಒಂದೇ ಗಣಿಯಲ್ಲಿ ಹತ್ತು ತರಹದ ಕಲ್ಲು ಬರುತ್ತದೆ. ಗಣಿಯ ಹೆಸರಿಗೆ ನಿಜವಾದ ಆಧಾರ ಅಂದರೆ ಕಲ್ಲು ಕೈಯಿಂದ ಕೈಗೆ ಬಂದ ದಾಖಲೆ. ಅದಿಲ್ಲದಿದ್ದರೆ ಕಲ್ಲಿನ ಅಂದಕ್ಕೆ ಬೆಲೆ ಕೊಡಿ, ಹೆಸರಿಗೆ ಬೇಡ.

6. ಬಿಲ್ ಬರೆಸಿ

ಬಿಲ್ಲಿನಲ್ಲಿ ಮೂರು ವಿಷಯ ಇರಲಿ: ಕಲ್ಲಿನ ಹೆಸರು, ಏನು ಮಾಡಿದ್ದಾರೆ ಅನ್ನುವುದು, ತೂಕ. "ಬ್ಲೂ ಸ್ಟೋನ್" ಎಂದು ಬರೆದರೆ ಒಪ್ಪಬೇಡಿ. ತೂಕವನ್ನು ಗ್ರಾಂ ಅಥವಾ ಕ್ಯಾರಟ್‌ನಲ್ಲಿ ಬರೆಸಿ; ಒಂದು ಕ್ಯಾರಟ್ ಅಂದರೆ 0.2 ಗ್ರಾಂ. ರತ್ತಿ ಎಂಬ ಹಳೆಯ ತೂಕದ ಲೆಕ್ಕ ಅಂಗಡಿಯಿಂದ ಅಂಗಡಿಗೆ ಬೇರೆಯಾಗುತ್ತದೆ. ಇಷ್ಟು ಬರೆಯಲು ಅಂಗಡಿಯವರು ಹಿಂದೆಮುಂದೆ ನೋಡಿದರೆ ನೀವೂ ಹಿಂದೆಮುಂದೆ ನೋಡಿ. ದೊಡ್ಡ ಮೊತ್ತದ ಕಲ್ಲಾದರೆ ಬೆಂಗಳೂರು, ಮುಂಬಯಿ, ಜೈಪುರದಲ್ಲಿ ರತ್ನ ಪರೀಕ್ಷೆ ಮಾಡುವ ಲ್ಯಾಬುಗಳಿವೆ. ಕೊಳ್ಳುವ ಮೊದಲೇ ಅಲ್ಲಿನ ವರದಿ ಕೇಳಿ. ನೂರಿನ್ನೂರು ರೂಪಾಯಿಯ ಬಳೆ, ಸರಕ್ಕೆ ಇದೆಲ್ಲ ಬೇಡ. ಚಂದ ಕಂಡರೆ ತಗೊಳ್ಳಿ, ಅಲಂಕಾರದ ಮಣಿ ಎಂದೇ ತಗೊಳ್ಳಿ.

7. ಮನೆಯಲ್ಲಿ ಹೀಗೆ ನೋಡಿಕೊಳ್ಳಿ

ತಲೆಗೆ ಎಣ್ಣೆ, ಮೈಗೆ ಕ್ರೀಮು, ಸೆಂಟು ಎಲ್ಲ ಆದಮೇಲೆ ಕೊನೆಗೆ ಫಿರೋಜಾ ಹಾಕಿಕೊಳ್ಳಿ. ತೆಗೆಯುವಾಗ ಮೊದಲು ಅದನ್ನೇ ತೆಗೆಯಿರಿ. ಸಮುದ್ರಕ್ಕೆ ಇಳಿಯುವಾಗ, ಪಾತ್ರೆ ತೊಳೆಯುವಾಗ, ಮೀನು ಮಸಾಲೆ ಕಲಸುವಾಗ ಉಂಗುರ ಬೆರಳಿನಲ್ಲಿ ಬೇಡ. ಒದ್ದೆ ಮಾಡಿ ಹಿಂಡಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಕೂಡಲೇ ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು. ಬೆಳ್ಳಿ ಹೊಳಪಿಸುವ ದ್ರವದಲ್ಲಿ ಅದ್ದಬೇಡಿ. ಬೆಳ್ಳಿ ಬೆಳ್ಳಗಾಗುತ್ತದೆ, ಕಲ್ಲು ಹಾಳಾಗುತ್ತದೆ. ಅಕ್ಕಸಾಲಿಗರ ಹತ್ತಿರ ಉಂಗುರದ ಅಳತೆ ಸರಿಮಾಡಿಸುವಾಗ ಕಲ್ಲು ಬಿಚ್ಚಿ ಬೆಸುಗೆ ಹಾಕಲು ಹೇಳಿ. ಬೆಂಕಿ ತಾಗಿದರೆ ಬಣ್ಣ ಹೋಗುತ್ತದೆ, ಕಲ್ಲು ಒಡೆಯಲೂಬಹುದು. ಅಲ್ಟ್ರಾಸೋನಿಕ್ ಯಂತ್ರದಲ್ಲಿ ತೊಳೆಸುವುದೂ ಬೇಡ.

ಮಳೆಗಾಲದಲ್ಲಿ ಶಿರಸಿ, ಸಿದ್ದಾಪುರದ ಕಡೆ ಕಪಾಟಿನೊಳಗೂ ಬೂಸ್ಟು ಬರುತ್ತದಲ್ವಾ? ಜಿಪ್ ಇರುವ ಪುಟ್ಟ ಚೀಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಅದರಿಂದ ಬೆಳ್ಳಿ ಬೇಗ ಕಪ್ಪಾಗುವುದೂ ತಪ್ಪುತ್ತದೆ. ಬೇರೆ ಆಭರಣದ ಜೊತೆ ಒಂದೇ ಡಬ್ಬಿಯಲ್ಲಿ ಹಾಕಿದರೆ ಗಟ್ಟಿ ಕಲ್ಲುಗಳು ಫಿರೋಜಾವನ್ನು ಗೀರುತ್ತವೆ. ಹತ್ತಿ ದಾರದಲ್ಲಿ ಪೋಣಿಸಿದ ಸರವಾದರೆ ಮಳೆಗಾಲ ಮುಗಿದ ಮೇಲೆ ದಾರ ಬದಲಿಸಿ. ಕಲ್ಲು ಈಗಾಗಲೇ ಹಸಿರಾಗಿದ್ದರೆ ಮತ್ತೆ ನೀಲಿ ಮಾಡಿಕೊಡುತ್ತೇವೆ ಎನ್ನುವವರ ಕೈಗೆ ಕೊಡಬೇಡಿ, ಅವರು ಹಾಕುವುದು ಬಣ್ಣವೇ.